ಗೌರಿ ಮುಖಕ್ಕ ಗಂಟುಬಿದ್ದ ಕ್ಯಾಮೆರಾ

ರೀ,

ನಾ ಹೋಳಿಗಿ ಬ್ಯಾಳಿ ತರಾಕ ಇತವಾರಿ ಪ್ಯಾಟಿಗೆ ಹೊಂಟೀನಿ. ಎದ್ದ ಕೂಡಲೇ ನಿಮ್ಮ ಹೊಸ ಕ್ಯಾಮೆರಾ ಚಾರ್ಜಿಗೆ ಹಾಕ್ರಿ. ನಿನ್ನೆ ಆರತಿ ಮುಗಿಯೂದರಾಗ ಅದರ ಉಸಿರು ನಿಂತಿತ್ತು.

ಸಣ್ಣದೈತಿ, ಕಿಸೆದಾಗ ಹಿಡಸ್ತೈತಿ, ಸಪ್ಪಳ ಮಾಡಂಗಿಲ್ಲ, ಎಲ್ಲಾ ಖರೇ. ಆದರ ಮುಖ ತಾನ ಹುಡುಕತೈತಿ ಅಂದ್ರಲ್ಲ, ಅದು ಹುಡುಕಿದ್ದು ಬರೀ ಗೌರಿಯ ಬೆಳ್ಳಿ ಮುಖ. ದೇವಿ ನತ್ತಿನ ಮುತ್ತು ಎಣಿಸಬಹುದು. ಮುಂದ ಆರತಿ ಹಿಡಿದು ನಿಂತ ಅತ್ತಿಯವರು ಮಾತ್ರ ಎಲ್ಲಾ ಫೋಟೋದಾಗೂ ಮಸುಕು. "ನನ್ನ ಮಗ ನನ್ನ ದೆವ್ವ ಮಾಡ್ಯಾನ" ಅಂತ ಮುಂಜಾನೆ ಚಹಾನೂ ಮುಟ್ಟಿಲ್ಲ.

ಇವತ್ತು ಸಂಜಿ ಆರತಿಗೆ ಅವರ ಮುಖಕ್ಕ ನೀವ ಕೈಯಿಂದ ಫೋಕಸ್ ಮಾಡ್ರಿ. ದೇವಿ ಸಿಟ್ಟಾದ್ರ ಒಂದು ಕಾಯಿ ಒಡದು ಸಮಾಧಾನ ಮಾಡಬಹುದು, ಅತ್ತಿಯವರನ್ನ ಆಗಂಗಿಲ್ಲ.

ಹಾಂ, ಇನ್ನೊಂದು. ಒಂದ ಫೋಟೋದಾಗ ದೇವಿನೂ ಮಸುಕು, ಅತ್ತಿಯವರೂ ಮಸುಕು. ಹಿಂದ ಅಡಗಿಮನಿ ಬಾಗಲದಾಗ, ಮೂಗಿಗೆ ಹಿಟ್ಟು ಹಚ್ಚಿಕೊಂಡು ನಿಂತ ನಾನೊಬ್ಬಾಕಿ ಚಲೋ ಬಂದೀನಿ. ಆ ಮುಖ ಕ್ಯಾಮೆರಾ ತಾನ ಹುಡುಕಿದ್ದಲ್ಲ ಅಂತ ನನಗ ಗೊತ್ತೈತಿ.

ಅತ್ತಿಯವರಿಗೆ ತೋರಿಸಬ್ಯಾಡ್ರಿ. ಅಳಿಸಲೂಬ್ಯಾಡ್ರಿ.

ಮೃಣಾಲಿನಿ