ಕೆಳಗಿನ ಊರು

ಒಲಿವಿಯರ್ ಸರ್ ಅವರಿಗೆ, ಫಸ್ಟ್ ಇಯರ್ ಹಿಸ್ಟರಿಯ ಜೋಸ್ಲಿನ್ ಮಾಡುವ ನಮಸ್ಕಾರ.

ನಮ್ಮ ದ್ವೀಪದ ಮೊದಲ ಊರಿಗೆ ಗುರುತೇ ಇಲ್ಲ, ಟಾಪಿಕ್ ಬದಲಿಸು ಅಂದಿದ್ದಿರಿ. ಸಾರಿ ಸರ್, ಬದಲಿಸಲಾರೆ. ಊರು ಸಿಕ್ಕಿದೆ.

"ಹಳೇ ಮನೆಗಳೆಲ್ಲ ಕೆಳಗಿದ್ವು" ಅಂತ ಅಜ್ಜಿ ಹೇಳಿದ್ದಕ್ಕೆ ಇಡೀ ರಜೆ ನಾನು ಸಮುದ್ರದ ದಂಡೆಯಲ್ಲೇ ಹುಡುಕುತ್ತಾ ನಡೆದೆ. ಭಾನುವಾರ ಅದು ಗೊತ್ತಾಗಿ ಅಜ್ಜಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದಿ, ಗಾಳಿ ಹೋಗೋ ಕಡೆ ಕೆಳಗೆ, ಗಾಳಿ ಬರೋ ಕಡೆ ಮೇಲೆ! ಹಾಸ್ಟೆಲ್‌ನಲ್ಲಿ ಸೂಪಿನ ಜೊತೆ ನಿನ್ನ ಬುದ್ಧಿಗೂ ನೀರು ಬೆರೆಸಿದ್ರಾ?"

ಹಾಯಿದೋಣಿಯವರ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ನಾನು ಮರೆತಿದ್ದೆ.

ಇಬ್ಬರೂ ಗಾಳಿಯ ಜೊತೆಗೇ ನಡೆದೆವು. ದಾರಿ ಗುಡ್ಡ ಹತ್ತಿತು. ನೆತ್ತಿಯಲ್ಲಿ, ಮುಳ್ಳುಪೊದೆಗಳ ಅಡಿಯಲ್ಲಿ, ಶಂಖ ಸುಟ್ಟು ಮಾಡಿದ ಸುಣ್ಣದ ಮೋಟುಗೋಡೆಗಳು ಸಾಲಾಗಿದ್ದವು. ನಾನು ಒಂದನ್ನು ದಾಟಲು ಕಾಲೆತ್ತಿದ್ದೇ ತಡ, ಅಜ್ಜಿ ರೇಗಿದಳು: "ಗೋಡೆ ಹಾರ್ತೀಯಾ, ಕಳ್ಳಿ? ಬಾಗಿಲು ಈ ಕಡೆ ಇದೆ."

ಶನಿವಾರದ ದೋಣಿಗೆ ಬಂದು ಒಮ್ಮೆ ನೋಡಿ, ಸರ್. ಅಲ್ಲಿಯವರೆಗೆ ನನ್ನ ಟಾಪಿಕ್ ಹೊಡೆದುಹಾಕಬೇಡಿ, ಪ್ಲೀಸ್. ಅಜ್ಜಿ ನಿಮಗೆ ಮೀನು ಹುರಿಯುತ್ತಾಳಂತೆ. ಎಲ್ಲಿ ಬಡಿಸೋಣ ಅಂತ ಕೇಳಿದೆ.

"ಅಲ್ಲೇ ಗುಡ್ಡದ ಮೇಲೆ, ಮನೆಯೊಳಗೆ" ಅಂದಳು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಜೋಸ್ಲಿನ್ ಕ್ವಾಶಿ