ಜರುಗಿದ ಗೂಟಗಳು

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ನೋಡಿದರೆ ಗೂಟಗಳು ಮತ್ತೆ ಜರುಗಿದ್ದವು. ನಾನು ನಕ್ಷೆ ಬರೆದ ಸೈಕಲ್ ಪಾರ್ಕಿನಲ್ಲಿ, ಪುಟ್ಟ ಮಕ್ಕಳ ಹಾದಿಯ ತಿರುವು ಗುರುತಿಸಲು ನೆಟ್ಟಿದ್ದ ಗೂಟಗಳು. ಇದು ಮೂರನೇ ಸಲ. ಪಾರ್ಕೇ ಬೇಡವೆಂದು ಸಹಿ ಸಂಗ್ರಹಿಸಿದ ಪಾರ್ಕಿನ ಹಿಂಬದಿ ಮನೆಯ ಟೀಚರಮ್ಮನ ಮೇಲೆಯೇ ನನಗೆ ಗುಮಾನಿಯಿತ್ತು. ನಿನ್ನೆ ಬಡಾವಣೆಯ ಸಭೆಯಲ್ಲಿ ಎಲ್ಲರೆದುರು ಅಂದೇಬಿಟ್ಟಿದ್ದೆ: "ಬೇಡ ಅಂದ್ರೆ ನೇರವಾಗಿ ಹೇಳಿ, ಕದ್ದು ಕೀಳ್ಬೇಡಿ." ಅವರು ಕುರ್ಚಿ ಸರಿಸಿ ಎದ್ದು ಹೋದರು. ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡೆ.

ಗೂಟಗಳನ್ನು ಸರಿಪಡಿಸಿ, ಸಂಜೆ ಮಣ್ಣಿನ ದಿಬ್ಬದ ಹಿಂದೆ ಕಾದು ಕೂತೆ. ಬಂದದ್ದು ಅಪ್ಪ! ಮೂವತ್ತು ವರ್ಷ ರಸ್ತೆ ರೋಲರ್ ಓಡಿಸಿದವರು. ಗೂಟ ಕಿತ್ತು, ಹೆಜ್ಜೆಯಲ್ಲಿ ಅಳೆದು, ಆಚೆ ನೆಟ್ಟರು.

"ಮನೇಲೇ ಹೇಳ್ಬಹುದಿತ್ತಲ್ಲಪ್ಪಾ?"

"ಎರಡು ಸಲ ಹೇಳ್ದೆ. ನಿನ್ನ ಫೋನೇ ಮುಗೀಲಿಲ್ಲ. ತಿರುವು ಇಕ್ಕಟ್ಟಾಗಿದೆ ಕಣಮ್ಮ, ಮಕ್ಕಳು ಹೋಗಿ ಕಾಂಪೌಂಡಿಗೆ ಗುದ್ತಾರೆ."

ಟೇಪು ಹಿಡಿದು ನೋಡಿದೆ. ಅವರ ಮಾತೇ ಸರಿ. ಈಗ ನಕ್ಷೆ ಹರಡಿಕೊಂಡು ಕೂತಿದ್ದೇನೆ. ಉಳಿದ ಹನ್ನೊಂದು ತಿರುವುಗಳ ಮೇಲೂ ಅನುಮಾನ. ನಾಳೆ ಬರುವ ಡಾಂಬರನ್ನು ನಿಲ್ಲಿಸಬೇಕು. ಅದಕ್ಕೂ ಮೊದಲು ಟೀಚರಮ್ಮನ ಬಾಗಿಲು ತಟ್ಟಬೇಕು. ತೆರೆದರೆ ಏನೆಂದು ಶುರುಮಾಡಲಿ? ಕಿತ್ತದ್ದು ನಮ್ಮಪ್ಪ ಎಂದೇ, ಅಥವಾ ತಪ್ಪು ನನ್ನದು ಎಂದೇ…