ಗೋಡೆ ಕಾಯ್ದ ಮಾವು

ಗೆಳೆಯಾ,

ನೀನು ಕೊಟ್ಟ ಮಾವಿನ ಸಸಿ ಬದುಕಿದೆ. ಮೊದಲು ಇಷ್ಟು ಹೇಳಿ ಉಸಿರು ಬಿಡುತ್ತೇನೆ. ಉಳಿದ ಪುರಾಣ ಆಮೇಲೆ.

ಮೊನ್ನೆ ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು. ಬೆಳಿಗ್ಗೆ ನೋಡಿದರೆ, ಗೋಣಿಚೀಲ ಹೊದಿಸಿದ್ದರೂ ಬಾಳೆ, ಪಪಾಯಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಮಾವಿಗೆ ಚೀಲ ಸಾಲದೆ ಹಿಂದಿನ ಸಂಜೆ ನನ್ನ ಮದುವೆಯ ಕೋಟನ್ನೇ ಹೊದಿಸಲು ಹೊರಟಿದ್ದೆ. ಇವಳು ಕಿತ್ತುಕೊಂಡಳು. "ನಮ್ಮಪ್ಪ ಬಂದಾಗ ಒಂದು ಕಂಬಳಿ ಕೊಡೋಕೆ ಗೊಣಗಿದ್ರಿ. ಮಾವನಿಗಿಲ್ಲದ ಉಪಚಾರ ಮಾವಿಗೆ!"

ಹಾಗಾಗಿ ಮಾವು ಬರಿಮೈಯಲ್ಲೇ ನಿಂತಿತ್ತು. ಆದರೂ ಒಂದೆಲೆಯೂ ಕಪ್ಪಾಗಿರಲಿಲ್ಲ.

ಕಾರಣ, ಅದರ ಬೆನ್ನಿಗಿದ್ದ ಗೋಡೆ. ನನ್ನ ತೋಟದ ಕಸವೆಲ್ಲ ನಿನ್ನ ಅಂಗಳಕ್ಕೆ ಬೀಳುತ್ತದೆಂದು ಜಗಳವಾಡಿ ನೀನು ಎಬ್ಬಿಸಿದ, ನಾನು ಬಂದವರಿಗೆಲ್ಲ 'ಜೈಲು' ಎಂದು ತೋರಿಸುತ್ತಿದ್ದ, ಅದೇ ಇಟ್ಟಿಗೆ ಗೋಡೆ. ಅಂಗೈಯಿಟ್ಟೆ. ಹಗಲಿನ ಬಿಸಿಲನ್ನು ಬಚ್ಚಿಟ್ಟುಕೊಂಡು ಇನ್ನೂ ಬೆಚ್ಚಗಿತ್ತು.

"ಇದಕ್ಕೇ ಕಟ್ಟಿಸಿದ್ರೇನೋ ನಿಮ್ಮ ಸ್ನೇಹಿತರು," ಎಂದಳು ಇವಳು.

"ಅವನಿಗೆಲ್ಲಿತ್ತೇ ಅಷ್ಟು ಬುದ್ಧಿ!" ಎಂದೆ. ಕೈ ಮಾತ್ರ ತೆಗೆಯಲಿಲ್ಲ.

ನೀನು ತೀರಿಕೊಂಡ ಮೇಲೆ ನಿನ್ನ ಮನೆ ಕೊಂಡವರು ಒಳ್ಳೆಯ ಜನ. ಇವತ್ತು ನಮ್ಮ ಮನೆಮುಂದಿನ ಗೇಟಿನಲ್ಲಿ ನಿಂತು ಕೇಳಿದರು: "ಈ ಗೋಡೆ ಒಡೆಸಿಬಿಡೋಣ್ವಾ ಅಂಕಲ್? ಇಬ್ಬರಿಗೂ ಗಾಳಿ ಬರುತ್ತೆ."

ನಿನ್ನ ಬಾಯಿಂದ ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದ ಮಾತು, ಮಹರಾಯ!

"ಬೇಡ," ಎಂದೆ. "ಇರಲಿ ಬಿಡಿ. ನಮ್ಮವನು ಕಟ್ಟಿಸಿದ್ದು."